ಪೆನ್ನು ಹಿಡಿದ ಪ್ರೋಗ್ರಾಮರ್: ಎಡ್ಸ್‌ಗರ್ ಡೈಕ್‌ಸ್ಟ್ರಾ

ನಮ್ಮಲ್ಲಿ ಬಹಳ ಜನಕ್ಕೆ ಡೈಕ್‌ಸ್ಟ್ರಾ ಅಂದ್ರೆ ಒಂದು ಲ್ಯಾಬ್ ಪ್ರೋಗ್ರಾಂ. ಒಂದು ಗ್ರಾಫ್ ಕೊಡ್ತಾರೆ, ಒಂದು ನೋಡ್‌ನಿಂದ ಉಳಿದ ನೋಡ್‌ಗಳಿಗೆ ಅತಿ ಚಿಕ್ಕ ದಾರಿ ಹುಡುಕಬೇಕು. ಔಟ್‌ಪುಟ್ ಸರಿ ಬಂದ್ರೆ ರೆಕಾರ್ಡ್‌ಗೆ ಸೈನ್ ಬೀಳುತ್ತೆ, ಅಲ್ಲಿಗೆ ಮುಗೀತು. ವೈವಾದಲ್ಲಿ ಆ ಪ್ರೋಗ್ರಾಂ ಸರಿ ಅಂತ ಹೇಗೆ ಗೊತ್ತು ಅಂತ ಕೇಳಿದ್ರೆ ನಾವೆಲ್ಲ ಕೊಡೋ ಉತ್ತರ ಒಂದೇ: ರನ್ ಮಾಡಿ ನೋಡಿದ್ವಿ ಸರ್. ಆ ಉತ್ತರ ಸಾಲದು ಅಂತ ಜೀವನ ಪೂರ್ತಿ ವಾದ ಮಾಡಿದ ಮನುಷ್ಯನ ಹೆಸರೇ ಆ ಪ್ರೋಗ್ರಾಂ ಮೇಲಿದೆ ಅನ್ನೋದು ಮಾತ್ರ ನಮಗೆ ಯಾರೂ ಹೇಳಿರಲ್ಲ.

ಮೊದಲು ಹೆಸರಿನ ವಿಷಯ. ಲ್ಯಾಬ್‌ನಲ್ಲಿ ಡಿಜ್‌ಕ್‌ಸ್ಟ್ರಾ, ಡಿಕ್‌ಸ್ತ್ರ ಅಂತ ಹತ್ತು ಥರ ಕೇಳಿಸುತ್ತೆ. ಡಚ್ ಭಾಷೆಯಲ್ಲಿ ಐ ಮತ್ತು ಜೆ ಅಕ್ಷರಗಳು ಸೇರಿದ್ರೆ ಹೆಚ್ಚುಕಡಿಮೆ ನಮ್ಮ 'ಐ' ಉಚ್ಚಾರ ಬರುತ್ತೆ, ಹಾಗಾಗಿ ಡೈಕ್‌ಸ್ಟ್ರಾ. ಇಂಗ್ಲಿಷ್ ಸ್ಪೆಲಿಂಗ್ ನೋಡಿ, ಮಧ್ಯದಲ್ಲಿ ಐ, ಜೆ, ಕೆ ಸಾಲಾಗಿ ಕೂತಿವೆ. ಮೂರು ಫಾರ್ ಲೂಪ್‌ಗಳನ್ನು ಹೆಸರಲ್ಲೇ ಇಟ್ಕೊಂಡು ಹುಟ್ಟಿದವರು.

ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರಜ್ಞ, ತಾಯಿ ಗಣಿತ ಓದಿದವರು. ಟ್ರಿಗನಾಮೆಟ್ರಿ ಕಷ್ಟವಾ ಅಂತ ಹುಡುಗ ಕೇಳಿದಾಗ ತಾಯಿ ಕೊಟ್ಟ ಸಲಹೆಯನ್ನು ಅವರು ವಯಸ್ಸಾದ ಮೇಲೂ ನೆನಪಿಸ್ಕೊಳ್ತಿದ್ರು: ಫಾರ್ಮುಲಾ ಎಲ್ಲ ಗೊತ್ತಿರಲಿ, ಐದು ಸಾಲಿಗಿಂತ ಜಾಸ್ತಿ ಬರೀಬೇಕಾಗಿ ಬಂದ್ರೆ ದಾರಿ ತಪ್ಪಿದೆ ಅಂತ ತಿಳ್ಕೋ. ಶಾಲೆ ಮುಗಿದಾಗ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶವನ್ನು ಪ್ರತಿನಿಧಿಸಬೇಕು ಅನ್ನೋ ಆಸೆ ಇತ್ತು. ಗಣಿತ, ವಿಜ್ಞಾನದಲ್ಲಿ ಮಾರ್ಕ್ಸ್ ಚೆನ್ನಾಗಿ ಬಂದಿದ್ದರಿಂದ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ ಸೇರಿದ್ರು. 1951ರಲ್ಲಿ ಕೇಂಬ್ರಿಡ್ಜ್‌ನಲ್ಲಿ ನಡೆದ ಒಂದು ಬೇಸಿಗೆ ಪ್ರೋಗ್ರಾಮಿಂಗ್ ಕೋರ್ಸ್‌ಗೆ ಹೋಗಿ ಬಂದರು. 1952ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಪಾರ್ಟ್ ಟೈಮ್ ಕೆಲಸ ಸಿಕ್ಕಿತು. ನೆದರ್ಲೆಂಡ್ಸ್‌ನಲ್ಲಿ ಪ್ರೋಗ್ರಾಮರ್ ಅಂತ ಕರೆಸಿಕೊಂಡ ಮೊದಲಿಗರು ಅವರೇ.

ಆ ಕೆಲಸದ ರೀತಿ ನಮಗೆ ಊಹಿಸೋಕೂ ಕಷ್ಟ. ಲೂಪ್‌ಸ್ಟ್ರಾ, ಸ್ಕೋಲ್ಟನ್ ಅನ್ನೋ ಇಬ್ಬರು ಸಹೋದ್ಯೋಗಿಗಳು ಕಂಪ್ಯೂಟರ್ ಕಟ್ಟುತ್ತಿದ್ದರು. ಆ ಮೆಷಿನ್ ಇನ್ನೂ ತಯಾರಾಗುತ್ತಿರುವಾಗಲೇ ಡೈಕ್‌ಸ್ಟ್ರಾ ಅದರ ಪ್ರೋಗ್ರಾಂಗಳನ್ನು ಬರೆಯಬೇಕಿತ್ತು. ಮೆಷಿನ್ ಏನು ಮಾಡುತ್ತೆ ಅನ್ನೋ ವಿವರ ಒಂದು ಕಾಗದದಲ್ಲಿರುತ್ತಿತ್ತು. ಹಾರ್ಡ್‌ವೇರ್‌ನವರು ಅದರ ಪ್ರಕಾರ ಕಟ್ಟಬೇಕು, ಇವರು ಅದನ್ನೇ ನಂಬಿ ಬರೀಬೇಕು. ರನ್ ಮಾಡಿ ನೋಡೋಣ ಅನ್ನೋ ದಾರಿಯೇ ಇರಲಿಲ್ಲ. ತಲೆಯಲ್ಲೇ ಯೋಚಿಸಿ, ಕಾಗದದ ಮೇಲೇ ಸರಿ ಅಂತ ಖಾತ್ರಿ ಮಾಡ್ಕೋಬೇಕು. ಮುಂದಿನ ಐವತ್ತು ವರ್ಷ ಅವರು ಹಿಡಿದ ಹಠ ಶುರುವಾಗಿದ್ದು ಇಲ್ಲೇ ಅಂತ ನಮ್ಮ ಅನಿಸಿಕೆ.

ಆದ್ರೂ ಒಂದು ಚಿಂತೆ ಇತ್ತು. ಹಾರ್ಡ್‌ವೇರ್‌ನವರನ್ನು ನಿಮ್ಮ ವಿದ್ಯೆ ಏನು ಅಂತ ಕೇಳಿದ್ರೆ ಎಲೆಕ್ಟ್ರಾನಿಕ್ಸ್ ಅಂತ ತೋರಿಸಬಹುದು. ಪ್ರೋಗ್ರಾಮರ್ ಏನು ತೋರಿಸ್ತಾನೆ? ಭೌತಶಾಸ್ತ್ರ ಬಿಡೋದಾ ಬೇಡವಾ ಅಂತ ಒದ್ದಾಡಿ ಬಾಸ್ ವ್ಯಾನ್ ವೈನ್‌ಗಾರ್ಡನ್ ಹತ್ತಿರ ಹೋದರು. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಈಗ ಇದು ವಿದ್ಯೆ ಅನ್ನಿಸಿಕೊಂಡಿಲ್ಲ ನಿಜ, ಆದರೆ ಕಂಪ್ಯೂಟರ್‌ಗಳು ಈಗಷ್ಟೇ ಬರುತ್ತಿವೆ, ಅದನ್ನೊಂದು ಗೌರವದ ವಿದ್ಯೆ ಮಾಡೋ ಜನರಲ್ಲಿ ನೀನೂ ಒಬ್ಬ ಯಾಕಾಗಬಾರದು ಅಂತ ಕೇಳಿದರು. ಡೈಕ್‌ಸ್ಟ್ರಾ ಭೌತಶಾಸ್ತ್ರದ ಡಿಗ್ರಿಯನ್ನು ಬೇಗ ಮುಗಿಸಿ ಪೂರ್ತಿ ಈ ಕಡೆ ಬಂದರು. 1957ರಲ್ಲಿ ರಿಯಾ ಡೆಬೆಟ್ಸ್ ಅವರನ್ನು ಮದುವೆಯಾದಾಗ ಆಮ್‌ಸ್ಟರ್‌ಡ್ಯಾಮ್ ನಗರಸಭೆಯವರು ಪ್ರೋಗ್ರಾಮರ್ ಅನ್ನೋ ಕೆಲಸವೇ ಇಲ್ಲ ಅಂತ ಒಪ್ಪಲಿಲ್ಲ. ದಾಖಲೆಯಲ್ಲಿ ಥಿಯರೆಟಿಕಲ್ ಫಿಸಿಸಿಸ್ಟ್ ಅಂತ ಬರೆಸಬೇಕಾಯ್ತು.

ಲ್ಯಾಬ್ ಪ್ರೋಗ್ರಾಂ ಹುಟ್ಟಿದ್ದು ಮದುವೆಗೆ ಮುಂಚೆ, 1956ರಲ್ಲಿ. ಆರ್ಮ್ಯಾಕ್ ಅನ್ನೋ ಹೊಸ ಕಂಪ್ಯೂಟರ್‌ನ ಉದ್ಘಾಟನೆಗೆ ಸಾಮಾನ್ಯ ಜನಕ್ಕೂ ಅರ್ಥ ಆಗುವ ಒಂದು ಡೆಮೊ ಬೇಕಿತ್ತು. ರಿಯಾ ಜೊತೆ ಶಾಪಿಂಗ್ ಮಾಡಿ ಸುಸ್ತಾಗಿ ಒಂದು ಕೆಫೆಯ ಹೊರಗೆ ಕಾಫಿ ಕುಡೀತಾ ಕೂತಾಗ ಇಪ್ಪತ್ತು ನಿಮಿಷದಲ್ಲಿ ಅಲ್ಗಾರಿದಮ್ ಹೊಳೀತು. ಕೈಯಲ್ಲಿ ಪೆನ್ನು, ಪೇಪರ್ ಇರಲಿಲ್ಲ. ಅದಕ್ಕೇ ಅದು ಅಷ್ಟು ಸರಳವಾಗಿದೆ ಅಂತ ಆಮೇಲೆ ಹೇಳ್ತಿದ್ರು. ಡೆಮೊದಲ್ಲಿ ನೆದರ್ಲೆಂಡ್ಸ್‌ನ 64 ಊರುಗಳ ನಕ್ಷೆ ಇತ್ತು. 64 ಯಾಕೆ ಅಂದ್ರೆ ಊರಿನ ನಂಬರಿಗೆ 6 ಬಿಟ್ ಸಾಕು. ಮೂರು ವರ್ಷ ಬಿಟ್ಟು, 1959ರಲ್ಲಿ, ಮೂರು ಪುಟದ ಲೇಖನವಾಗಿ ಪ್ರಕಟಿಸಿದರು.

ಅವರ ತಲೆ ಕೆಡಿಸಿದ್ದು ಬೇರೆ ವಿಷಯ. ಎಕ್ಸ್1 ಅನ್ನೋ ಮುಂದಿನ ಮೆಷಿನ್‌ಗೆ ಇಂಟರಪ್ಟ್ ಸೇರಿಸೋಣ ಅಂತ ಸಹೋದ್ಯೋಗಿಗಳು ಅಂದಾಗ ಡೈಕ್‌ಸ್ಟ್ರಾ ಹೆದರಿದರು. ಇಂಟರಪ್ಟ್ ಇದ್ರೆ ಪ್ರೋಗ್ರಾಂ ಯಾವ ಸಾಲಿನಲ್ಲಿ ಬೇಕಾದ್ರೂ ನಿಂತು ಇನ್ನೊಂದು ಕೆಲಸಕ್ಕೆ ಹೋಗಬಹುದು. ಇವತ್ತು ಬಂದ ತಪ್ಪು ನಾಳೆ ಅದೇ ಇನ್‌ಪುಟ್ ಕೊಟ್ರೂ ಬರದೇ ಇರಬಹುದು. ಮತ್ತೆ ಮಾಡಿ ತೋರಿಸೋಕಾಗದ ತಪ್ಪನ್ನು ಟೆಸ್ಟ್ ಮಾಡಿ ಹಿಡಿಯೋದು ಹೇಗೆ? ಕೊನೆಗೆ ಒಪ್ಪಿಕೊಂಡು ಇದೇ ವಿಷಯದ ಮೇಲೆ 1959ರಲ್ಲಿ ಪಿಎಚ್‌ಡಿ ಪಡೆದರು.

ಆ ಭಯ ಸುಮ್ಮನೆ ಅಲ್ಲ ಅನ್ನೋದಕ್ಕೆ ನಾವು ಒಂದು ಉದಾಹರಣೆ ಕೊಡ್ತೀವಿ, ಇದು ಎಷ್ಟೋ ವರ್ಷ ಆಮೇಲಿನದು. ಥೆರಾಕ್-25 ಅಂತ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡೋ ಒಂದು ಮೆಷಿನ್. 1985ರಿಂದ 1987ರ ಒಳಗೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ಕೊಡಬೇಕಾದ್ದಕ್ಕಿಂತ ಎಷ್ಟೋ ಪಟ್ಟು ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಸಾಫ್ಟ್‌ವೇರ್‌ನಲ್ಲಿದ್ದ ಒಂದು ತಪ್ಪು ಕಾಣಿಸ್ತಿದ್ದದ್ದು ಆಪರೇಟರ್ ಸ್ಕ್ರೀನ್ ಮೇಲಿನ ಮಾಹಿತಿಯನ್ನು ಕೆಲವೇ ಸೆಕೆಂಡುಗಳಲ್ಲಿ ತಿದ್ದಿದಾಗ ಮಾತ್ರ. ನಿಧಾನವಾಗಿ ಟೈಪ್ ಮಾಡಿ ಟೆಸ್ಟ್ ಮಾಡಿದ್ರೆ ಎಲ್ಲ ಸರಿ. ಕೈ ಪಳಗಿದ ಆಪರೇಟರ್ ಬಂದಾಗ ಅನಾಹುತ. ಎರಡು ಕೆಲಸಗಳು ಒಟ್ಟಿಗೆ ನಡೆಯುವಾಗ ಯಾವುದು ಮೊದಲು ಅನ್ನೋದರ ಮೇಲೆ ನಿಂತ ತಪ್ಪು, ಡೈಕ್‌ಸ್ಟ್ರಾ ಹೆದರಿದ್ದ ಜಾತಿಯದ್ದೇ.

ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಒಂದು ಒಗಟು ಓಡಾಡುತ್ತಿತ್ತು. ಎರಡು ಪ್ರೋಗ್ರಾಂಗಳು ಒಟ್ಟಿಗೆ ಓಡುತ್ತಿವೆ, ಇಬ್ಬರೂ ಒಂದೇ ಸಮಯಕ್ಕೆ ಒಂದು ಜಾಗಕ್ಕೆ ಕೈ ಹಾಕಬಾರದು, ಹಾಗೆ ಮಾಡೋದು ಹೇಗೆ? ಡೈಕ್‌ಸ್ಟ್ರಾ ಇದನ್ನು ಸಹೋದ್ಯೋಗಿಗಳಿಗೆ ಸವಾಲಾಗಿ ಕೊಟ್ಟರು. ಒಬ್ಬೊಬ್ಬರೂ ಉತ್ತರ ತಂದರು, ಒಂದೊಂದರಲ್ಲೂ ತೂತು. ಕೊನೆಗೆ ಡೆಕ್ಕರ್ ಅನ್ನೋ ಗಣಿತಜ್ಞ ಸರಿ ಉತ್ತರ ಕೊಟ್ಟರು. ಅವರು ಮೊದಲು ಕೋಡ್ ಬರೆದು ಆಮೇಲೆ ಪ್ರೂಫ್ ಹುಡುಕಲಿಲ್ಲ. ಸರಿ ಅಂತ ಸಾಧಿಸಬೇಕಾದ್ರೆ ಏನೇನು ಬೇಕು ಅಂತ ಮೊದಲು ಯೋಚಿಸಿ, ಅದಕ್ಕೆ ಹೊಂದುವ ಹಾಗೆ ಪ್ರೋಗ್ರಾಂ ಕಟ್ಟಿದರು. ಡೈಕ್‌ಸ್ಟ್ರಾಗೆ ಇದು ದೊಡ್ಡ ಪಾಠ ಆಯ್ತು. ಪ್ರೂಫ್ ಮತ್ತು ಪ್ರೋಗ್ರಾಂ ಕೈ ಕೈ ಹಿಡ್ಕೊಂಡು ಬೆಳೀಬೇಕು, ಪ್ರೂಫ್ ಒಂದು ಹೆಜ್ಜೆ ಮುಂದಿರಬೇಕು ಅನ್ನೋದು ಮುಂದೆ ಅವರ ಮಂತ್ರವೇ ಆಯ್ತು. 1965ರಲ್ಲಿ ಎರಡರ ಬದಲು ಎಷ್ಟು ಪ್ರೋಗ್ರಾಂ ಇದ್ರೂ ನಡೆಯೋ ಉತ್ತರವನ್ನು ಒಂದೇ ಪುಟದಲ್ಲಿ ಪ್ರಕಟಿಸಿದರು. ರೈಲ್ವೆ ಕೈಮರದಿಂದ ಹೆಸರು ತಗೊಂಡ ಸೆಮಾಫೋರ್ ಬಂದಿದ್ದೂ ಇದೇ ಯೋಚನೆಯಿಂದ. ಓಎಸ್ ಪುಸ್ತಕದಲ್ಲಿ ಪಿ, ವಿ ಅಂತ ಬೈಹಾರ್ಟ್ ಮಾಡ್ತೀವಲ್ಲ, ಅವೆರಡೂ ಡಚ್ ಪದಗಳ ಮೊದಲಕ್ಷರಗಳು.

ಇದರ ನಡುವೆ ಜಾಪ್ ಝೋನವೆಲ್ಡ್ ಜೊತೆ ಸೇರಿ ಆಲ್ಗಾಲ್ 60 ಭಾಷೆಗೆ ಕಂಪೈಲರ್ ಬರೆದರು. ಮುಗಿಯೋವರೆಗೂ ಇಬ್ಬರೂ ಶೇವ್ ಮಾಡಲ್ಲ ಅಂತ ಒಪ್ಪಂದ. 1960ರ ಆಗಸ್ಟ್‌ನಲ್ಲಿ ಕಂಪೈಲರ್ ಮುಗೀತು. ಝೋನವೆಲ್ಡ್ ಗಡ್ಡ ತೆಗೆದರು, ಡೈಕ್‌ಸ್ಟ್ರಾ ಕೊನೇವರೆಗೂ ಇಟ್ಕೊಂಡ್ರು.

1962ರಲ್ಲಿ ಐಂಡ್‌ಹೋವನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್ ಆದರು. ಅಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ಟಿಎಚ್‌ಇ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟಿದರು. ಒಂದರ ಮೇಲೆ ಒಂದು ಮಹಡಿ ಥರ ಪದರಗಳು, ಕೆಳಗಿನ ಪದರ ಸರಿ ಅಂತ ಖಾತ್ರಿ ಆದಮೇಲೆ ಮಾತ್ರ ಮೇಲಿನದು. ಎಲ್ಲೂ ಡೆಡ್‌ಲಾಕ್ ಆಗಲ್ಲ ಅನ್ನೋದನ್ನು ತರ್ಕದಿಂದ ಮೊದಲೇ ತೋರಿಸಿದ್ದರು. ಟೆಸ್ಟಿಂಗ್‌ನಲ್ಲಿ ಸಿಕ್ಕಿದ್ದು ಸುಮಾರು 500 ಇನ್‌ಸ್ಟ್ರಕ್ಷನ್‌ಗೆ ಒಂದರಂತೆ ಚಿಲ್ಲರೆ ಕೋಡಿಂಗ್ ತಪ್ಪುಗಳು ಮಾತ್ರ ಅಂತ 1968ರ ಲೇಖನದಲ್ಲಿ ಬರೆದರು. ಆದರೆ ಗಣಿತ ವಿಭಾಗದಲ್ಲಿ ಈ ಕೆಲಸಕ್ಕೆ ಬೆಲೆ ಸಿಗಲಿಲ್ಲ, ತಂಡ ಚದುರಿಹೋಯ್ತು. ಡೈಕ್‌ಸ್ಟ್ರಾ ಖಿನ್ನತೆಗೆ ಬಿದ್ದರು. ಅದರಿಂದ ಹೊರಗೆ ಬರೋಕೆ ಅಂತಲೇ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಬಗ್ಗೆ ಒಂದು ದೀರ್ಘ ಟಿಪ್ಪಣಿ ಬರೆದರು. ಇವತ್ತು ನಾವು ಇಫ್, ವೈಲ್ ಹಾಕಿ ಅಚ್ಚುಕಟ್ಟಾಗಿ ಕೋಡ್ ಬರೀತೀವಿ ಅಂದ್ರೆ ಅದರ ಹಿಂದೆ ಆ ಟಿಪ್ಪಣಿ ಇದೆ. ಗೋಟು ಬೇಡ ಅಂದ 1968ರ ಪ್ರಸಿದ್ಧ ಪತ್ರವೂ ಆಗಿನದೇ. ಅದರ ಜಗಳಗಂಟ ತಲೆಬರಹ ಮಾತ್ರ ಇವರದಲ್ಲ, ಸಂಪಾದಕ ನಿಕ್ಲಾಸ್ ವಿರ್ತ್ ಕೊಟ್ಟಿದ್ದು.

ಟೆಸ್ಟ್ ಮಾಡಿದ್ರೆ ತಪ್ಪು ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸೋಕೆ ಯಾವತ್ತೂ ಆಗಲ್ಲ ಅನ್ನೋದು ಅವರ ವಾದದ ತಿರುಳು. ನಾವೇ ಲೆಕ್ಕ ಹಾಕಿ ನೋಡಿದ್ವಿ. ಎರಡು 32 ಬಿಟ್ ಸಂಖ್ಯೆಗಳನ್ನು ಕೂಡೋ ಒಂದು ಫಂಕ್ಷನ್ ಇದೆ ಅಂದ್ಕೊಳ್ಳಿ. ಸೆಕೆಂಡಿಗೆ ನೂರು ಕೋಟಿ ಟೆಸ್ಟ್ ಮಾಡಿದ್ರೂ ಎಲ್ಲ ಜೋಡಿಗಳನ್ನು ಮುಗಿಸೋಕೆ ಸುಮಾರು 585 ವರ್ಷ ಬೇಕು. ನಾವು ಐದು ಟೆಸ್ಟ್ ಕೇಸ್ ಹಾಕಿ ಸಬ್ಮಿಟ್ ಮಾಡ್ತೀವಿ.

ಹಾಗಾದ್ರೆ ಬದಲಿ ಏನು? ಪ್ರೋಗ್ರಾಂ ಬಗ್ಗೆ ತರ್ಕದಿಂದ ಸಾಧಿಸಬಹುದು ಅಂತ ಟ್ಯೂರಿಂಗ್ 1949ರಲ್ಲೇ ಕೇಂಬ್ರಿಡ್ಜ್‌ನಲ್ಲಿ ತೋರಿಸಿದ್ದರು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಅದಕ್ಕೆ ನಿಯಮಗಳನ್ನು ಕೊಟ್ಟರು. ಡೈಕ್‌ಸ್ಟ್ರಾ 1975ರಲ್ಲಿ ಅದನ್ನು ಹಿಂದುಮುಂದು ಮಾಡಿದರು. ಕೊನೆಯಲ್ಲಿ ಏನು ನಿಜ ಆಗಿರಬೇಕು ಅನ್ನೋದರಿಂದ ಶುರು ಮಾಡಿ ಹಿಂದಕ್ಕೆ ನಡೆಯೋದು. ಎಕ್ಸ್‌ಗೆ 1 ಕೂಡಿಸಿದ ಮೇಲೆ ಎಕ್ಸ್ 10ಕ್ಕಿಂತ ಜಾಸ್ತಿ ಇರಬೇಕು ಅಂದ್ರೆ, ಕೂಡಿಸೋ ಮೊದಲು 9ಕ್ಕಿಂತ ಜಾಸ್ತಿ ಇರಬೇಕು. 50ಕ್ಕಿಂತ ಜಾಸ್ತಿ ಇದ್ರೂ ಕೆಲಸ ಆಗುತ್ತೆ, ಆದರೆ ಅಷ್ಟು ಕೇಳೋ ಅಗತ್ಯ ಇಲ್ಲ. ಎಷ್ಟು ಬೇಕೋ ಅಷ್ಟನ್ನೇ ಕೇಳೋ ಆ ಷರತ್ತಿಗೆ ವೀಕೆಸ್ಟ್ ಪ್ರೀಕಂಡಿಷನ್ ಅಂತ ಹೆಸರು. ಒಂದೊಂದು ಸ್ಟೇಟ್‌ಮೆಂಟ್‌ಗೂ ಹೀಗೆ ಹಿಂದಕ್ಕೆ ಲೆಕ್ಕ ಹಾಕಬಹುದು, ಬೀಜಗಣಿತ ಮಾಡಿದ ಹಾಗೆ.

ಲೂಪ್ ಬಂದ್ರೆ ಸ್ವಲ್ಪ ಜಾಸ್ತಿ ಯೋಚಿಸಬೇಕು. ಅವರಿಗೆ ಪ್ರಿಯವಾದ ಉದಾಹರಣೆ ಜಿಸಿಡಿ, ಕನ್ನಡ ಮೀಡಿಯಂನಿಂದ ಬಂದವರಿಗೆ ಮ.ಸಾ.ಅ. ಎರಡು ಸಂಖ್ಯೆ ಇವೆ, ಎಕ್ಸ್ ಮತ್ತು ವೈ. ದೊಡ್ಡದರಿಂದ ಚಿಕ್ಕದನ್ನು ಕಳೀರಿ, ಎರಡೂ ಸಮ ಆಗೋವರೆಗೆ. 48, 18 ತಗೊಳ್ಳಿ: 30, 18 ಆಗುತ್ತೆ, ಆಮೇಲೆ 12, 18, ಆಮೇಲೆ 12, 6, ಕೊನೆಗೆ 6, 6. ಉತ್ತರ 6. ಇದು ಟೆಸ್ಟ್ ಆಯ್ತು. ಪ್ರೂಫ್ ಹೀಗೆ: ಎರಡೂ ಸಂಖ್ಯೆಗಳನ್ನು ಭಾಗಿಸೋ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತೆ, ಹಾಗಾಗಿ ಕಳೆದರೂ ಜಿಸಿಡಿ ಬದಲಾಗಲ್ಲ. ಲೂಪ್ ಎಷ್ಟು ಸಲ ತಿರುಗಿದ್ರೂ ಬದಲಾಗದ ಈ ಮಾತೇ ಇನ್‌ವೇರಿಯಂಟ್. ಎರಡೂ ಸಮ ಆದಾಗ ಜಿಸಿಡಿ ಅದೇ ಸಂಖ್ಯೆ, ಆದ್ದರಿಂದ ಉತ್ತರ ಸರಿ. ಲೂಪ್ ನಿಲ್ಲುತ್ತೆ ಅಂತ ಹೇಗೆ ಗೊತ್ತು? ಎರಡರ ಮೊತ್ತ ಪ್ರತಿ ಸಲ ಕಡಿಮೆಯಾಗುತ್ತೆ (66, 48, 30, 18, 12), ಸೊನ್ನೆಗಿಂತ ಕೆಳಗೆ ಇಳಿಯೋ ಹಾಗಿಲ್ಲ, ಒಂದಲ್ಲ ಒಂದು ಕಡೆ ನಿಲ್ಲಲೇಬೇಕು.

ಈಗ ಮಜಾ ನೋಡಿ. ಪ್ರೂಫ್ ಬರೆಯುವಾಗ ಮೊತ್ತ ಕಡಿಮೆಯಾಗುತ್ತೆ ಅಂದ್ವಿ. ಕಳೆಯೋ ಸಂಖ್ಯೆ ಸೊನ್ನೆ ಆಗಿದ್ರೆ? 5ರಿಂದ 0 ಕಳೆದ್ರೆ 5, ಮೊತ್ತ ಕಡಿಮೆ ಆಗಲೇ ಇಲ್ಲ, ಪ್ರೋಗ್ರಾಂ ಹ್ಯಾಂಗ್. ಎರಡೂ ಸಂಖ್ಯೆ ಸೊನ್ನೆಗಿಂತ ದೊಡ್ಡದಿರಬೇಕು ಅನ್ನೋ ಷರತ್ತು ಪ್ರೂಫ್ ಒಳಗಿಂದಲೇ ಎದ್ದು ಬಂತು. ಐದು ಟೆಸ್ಟ್ ಕೇಸ್‌ನಲ್ಲಿ ಸೊನ್ನೆ ಹಾಕೋಕೆ ಮರೆತಿದ್ರೆ ಇದು ಸಿಗ್ತಾನೇ ಇರಲಿಲ್ಲ. ಈ ಥರ ಪ್ರೋಗ್ರಾಂಗಳನ್ನು ಷರತ್ತಿನಿಂದಲೇ ಹೊರಡಿಸೋ ವಿಧಾನವನ್ನು 1976ರ ಎ ಡಿಸಿಪ್ಲಿನ್ ಆಫ್ ಪ್ರೋಗ್ರಾಮಿಂಗ್ ಪುಸ್ತಕದಲ್ಲಿ ಬಿಡಿಸಿ ಹೇಳಿದರು.

ಅಷ್ಟರಲ್ಲಿ 1972ರ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು. 1973ರಲ್ಲಿ ಬರೋಸ್ ಕಂಪನಿಯ ರಿಸರ್ಚ್ ಫೆಲೋ ಆಗಿ ನ್ಯೂನೆನ್ ಅನ್ನೋ ಊರಿನ ತಮ್ಮ ಮನೆಯಿಂದಲೇ ಕೆಲಸ ಶುರು ಮಾಡಿದರು. ವರ್ಕ್ ಫ್ರಮ್ ಹೋಮ್, ಅದೂ ಕಂಪ್ಯೂಟರ್ ಇಲ್ಲದೆ! ವಾರಕ್ಕೊಂದು ಮಂಗಳವಾರ ಮಧ್ಯಾಹ್ನ ಐಂಡ್‌ಹೋವನ್‌ನಲ್ಲಿ ಕೆಲವರನ್ನು ಸೇರಿಸಿಕೊಂಡು ಲೇಖನಗಳನ್ನು ಸಾಲು ಸಾಲಾಗಿ ಓದಿ ಚರ್ಚೆ ಮಾಡ್ತಿದ್ರು. ಉಳಿದ ಹೊತ್ತು ಫೌಂಟನ್ ಪೆನ್ನಲ್ಲಿ ಬರೆಯೋದು. ಬರೆದದ್ದಕ್ಕೆಲ್ಲ ತಮ್ಮ ಇನಿಶಿಯಲ್ಸ್ ಇಡಬ್ಲ್ಯುಡಿ ಮತ್ತು ಒಂದು ನಂಬರ್. ಫೋಟೊಕಾಪಿ ಮಾಡಿ ಪರಿಚಯದವರಿಗೆ ಪೋಸ್ಟ್ ಮಾಡ್ತಿದ್ರು, ಅವರು ಮತ್ತೆ ಕಾಪಿ ಮಾಡಿ ಹಂಚ್ತಿದ್ರು.

ಎಲ್ಲರೂ ಒಪ್ಪಲಿಲ್ಲ. 1977ರಲ್ಲಿ ಡಿ ಮಿಲ್ಲೋ, ಲಿಪ್ಟನ್, ಪರ್ಲಿಸ್ ಅನ್ನೋ ಮೂವರು ಒಂದು ಗಟ್ಟಿಯಾದ ಆಕ್ಷೇಪ ಎತ್ತಿದರು. ಗಣಿತದ ಪ್ರೂಫ್‌ಗಳನ್ನು ನಾವು ನಂಬೋದು ಹತ್ತು ಜನ ಓದಿ, ಬೋರ್ಡ್ ಮೇಲೆ ಹಾಕಿ, ಜಗಳ ಆಡಿ, ತಪ್ಪು ಹುಡುಕಿದ ಮೇಲೆ. ಪ್ರೋಗ್ರಾಂಗಳ ಪ್ರೂಫ್ ಉದ್ದ, ಬೋರು, ಯಾರೂ ಓದಲ್ಲ, ಹಾಗಿದ್ದ ಮೇಲೆ ನಂಬೋದು ಹೇಗೆ? ಡೈಕ್‌ಸ್ಟ್ರಾಗೆ ಸಿಟ್ಟು ನೆತ್ತಿಗೇರಿತು, ಖಾರವಾಗಿ ಉತ್ತರ ಬರೆದರು. ನಮಗೆ ಅನ್ನಿಸೋದು, ಆ ಮೂವರ ಮಾತಲ್ಲಿ ಅರ್ಧ ಸತ್ಯ ಇತ್ತು. ಮಂಗಳವಾರದ ಕೂಟ, ಕಾಪಿ ಮೇಲೆ ಕಾಪಿಯಾಗಿ ಊರೂರು ತಿರುಗಿದ ಇಡಬ್ಲ್ಯುಡಿಗಳು, ಇವೂ ಹತ್ತು ಜನ ಓದಿ ತಪ್ಪು ಹುಡುಕೋ ವ್ಯವಸ್ಥೆಯೇ ಅಲ್ವಾ? ಡೈಕ್‌ಸ್ಟ್ರಾ ಅದನ್ನು ಬಾಯಲ್ಲಿ ಒಪ್ಪಲಿಲ್ಲ, ಜೀವನದಲ್ಲಿ ಅದನ್ನೇ ಮಾಡಿದರು.

ಇನ್ನೊಂದು ಮಾತು ಹೇಳಲೇಬೇಕು, ಅವರು ಮೃದು ಮನುಷ್ಯ ಆಗಿರಲಿಲ್ಲ. ಭಾಷಣದ ಮಧ್ಯೆ ಎದ್ದು ಪ್ರಶ್ನೆ ಹಾಕೋರು, ಇಷ್ಟವಾಗದ ಭಾಷೆಗಳನ್ನು, ಕಂಪನಿಗಳನ್ನು ಹಿಡಿದು ಬಯ್ಯೋರು. ಪ್ರೂಫ್ ದಾರಿ ಕೆಲವರಿಗೆ ದೂರ ಆಗೋಕೆ ಅವರ ನಾಲಿಗೆಯೂ ಒಂದು ಕಾರಣ ಅಂತ ನಮಗೆ ಅನ್ನಿಸುತ್ತೆ.

1984ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಕ್ಲಾಸ್‌ನಲ್ಲಿ ಸ್ಲೈಡ್ ಇಲ್ಲ, ಚಾಕ್ ಮಾತ್ರ. ಪರೀಕ್ಷೆ ಒಬ್ಬೊಬ್ಬರಿಗೇ ಬಾಯಲ್ಲಿ (ನಮ್ಮ ವೈವಾ ನೆನಪಾಗಿ ಸ್ವಲ್ಪ ನಡುಕ ಬಂತು). 1988ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಫಸ್ಟ್ ಇಯರ್ ವಿದ್ಯಾರ್ಥಿಗಳಿಗೆ ಕಲಿಸೋ ಭಾಷೆಗೆ ಕ್ಯಾಂಪಸ್‌ನಲ್ಲಿ ಕಂಪೈಲರ್ರೇ ಇರಬಾರದು, ಆಗ ರನ್ ಮಾಡಿ ನೋಡೋ ಆಸೆಯೇ ಹುಟ್ಟಲ್ಲ ಅಂತ ಸಲಹೆ ಕೊಟ್ಟರು. ಮರುವರ್ಷ ಅದು ಪ್ರಕಟವಾದಾಗ ದೊಡ್ಡ ಚರ್ಚೆಯೇ ನಡೀತು. ಆ ಸಲಹೆ ನಮಗೂ ಒಪ್ಪಿಗೆ ಇಲ್ಲ. ರನ್ ಮಾಡಿದಾಗ ಬರೋ ಖುಷಿ ಇಲ್ಲದಿದ್ರೆ ನಮ್ಮಲ್ಲಿ ಅರ್ಧ ಜನ ಬ್ರಾಂಚ್ ಚೇಂಜ್ ಮಾಡ್ತಿದ್ರು. ಆದರೆ ಬಗ್ ಅನ್ನಬೇಡಿ, ತಪ್ಪು ಅನ್ನಿ, ಹುಳ ಎಲ್ಲಿಂದಲೋ ಬಂದು ಸೇರಿಕೊಂಡಿಲ್ಲ, ಬರೆದವನೇ ಹಾಕಿದ್ದು ಅಂತ ಅದೇ ಪ್ರಬಂಧದಲ್ಲಿ ಹೇಳಿದ್ದು ಚುಚ್ಚುತ್ತೆ.

ಆಸ್ಟಿನ್‌ನಲ್ಲಿ ಬದುಕು ಸ್ವಲ್ಪ ಹಗುರಾಗಿತ್ತು ಅನ್ನಿಸುತ್ತೆ. ಒಂದು ಫೋಕ್ಸ್‌ವ್ಯಾಗನ್ ಕ್ಯಾಂಪರ್ ಗಾಡಿಗೆ ಟೂರಿಂಗ್ ಮೆಷಿನ್ ಅಂತ ಹೆಸರಿಟ್ಟು ರಿಯಾ ಜೊತೆ ನ್ಯಾಷನಲ್ ಪಾರ್ಕ್‌ಗಳನ್ನು ಸುತ್ತಿದರು. ಮನೆಯಲ್ಲಿ ಪಿಯಾನೊ, ಮೊಜಾರ್ಟ್. ಕಂಪ್ಯೂಟರ್ ಕೂಡ ಒಂದು ಬಂತು, ಮ್ಯಾಕಿಂಟಾಷ್, ಈಮೇಲ್ ಮತ್ತು ವೆಬ್ ನೋಡೋಕೆ.

ಅವರ ವಿಧಾನ ಹೋಗಿ ಸೇರಿದ ಜಾಗ ಅವರೇ ಅಂದುಕೊಂಡಿದ್ದಲ್ಲ. ಪ್ರೂಫ್ ಅಂದ್ರೆ ಮನುಷ್ಯ ಕೈಯಲ್ಲಿ ಬರೆಯೋ ಚೆಂದದ ತರ್ಕ ಅಂತ ಅವರ ನಂಬಿಕೆ. ಈಗ ಆ ಹಿಂದಕ್ಕೆ ನಡೆಯೋ ಲೆಕ್ಕವನ್ನು ಮೆಷಿನ್‌ಗಳೇ ಮಾಡ್ತವೆ, ಡ್ಯಾಫ್ನಿಯಂಥ ಟೂಲ್‌ಗಳ ಹೊಟ್ಟೆಯಲ್ಲಿ ಇರೋದು ವೀಕೆಸ್ಟ್ ಪ್ರೀಕಂಡಿಷನ್ನೇ. 1998ರಲ್ಲಿ ಶುರುವಾದ ಪ್ಯಾರಿಸ್ ಮೆಟ್ರೊದ 14ನೇ ಲೈನ್‌ನಲ್ಲಿ ಡ್ರೈವರ್ ಇಲ್ಲ. ಅದರ ಸುರಕ್ಷತೆಯ ಸಾಫ್ಟ್‌ವೇರನ್ನು ಅಬ್ರಿಯಾಲ್ ಅವರ ಬಿ ವಿಧಾನದಲ್ಲಿ ಗಣಿತದಿಂದ ಸಾಧಿಸಿ ಕಟ್ಟಿದ್ದು, ಆ ವಿಧಾನದ ಬೇರಲ್ಲೂ ಡೈಕ್‌ಸ್ಟ್ರಾ ಇದ್ದಾರೆ. ಹಾಗಂತ ಪ್ರೂಫ್ ಇದ್ರೆ ಎಲ್ಲ ಮುಗೀತು ಅಂತಲೂ ಅಲ್ಲ. ಸರಿ ಅಂತ ಪುಸ್ತಕದಲ್ಲೇ ಸಾಧಿಸಿದ್ದ ಬೈನರಿ ಸರ್ಚ್ ಜಾವಾ ಲೈಬ್ರರಿಯಲ್ಲಿ ಎಷ್ಟೋ ವರ್ಷ ಇದ್ದು, ತುಂಬ ದೊಡ್ಡ ಅರೇ ಕೊಟ್ಟಾಗ ಕೈ ಕೊಟ್ಟಿತು. ಲೋ ಮತ್ತು ಹೈ ಕೂಡಿಸಿದ ಮೊತ್ತ ಇಂಟಿಜರ್‌ನಲ್ಲಿ ಹಿಡಿಸಲಿಲ್ಲ. ಪ್ರೂಫ್ ಬರೆದವರು ಸಂಖ್ಯೆಗಳಿಗೆ ಮಿತಿ ಇಲ್ಲ ಅಂತ ಊಹಿಸಿದ್ದರು.

1999ರಲ್ಲಿ ನಿವೃತ್ತರಾದರು. ಕ್ಯಾನ್ಸರ್ ಬಂತು, ನ್ಯೂನೆನ್‌ಗೆ ವಾಪಸ್ ಬಂದರು. 1974ರಲ್ಲಿ ಅವರು ಬರೆದಿದ್ದ ಎರಡು ಪುಟದ ಒಂದು ಲೇಖನ, ತಪ್ಪಾದ ಸ್ಥಿತಿಯಿಂದ ತಾನಾಗಿಯೇ ಸರಿಹೋಗುವ ಸಿಸ್ಟಮ್‌ಗಳ ಬಗ್ಗೆ, ಹತ್ತಿರ ಹತ್ತಿರ ಹತ್ತು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ. ಅದಕ್ಕೆ 2002ರಲ್ಲಿ ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್‌ನವರು ಪ್ರಶಸ್ತಿ ಕೊಟ್ಟರು. ಆ ವರ್ಷವೇ ಆಗಸ್ಟ್ 6ರಂದು ಡೈಕ್‌ಸ್ಟ್ರಾ ತೀರಿಕೊಂಡರು. ಮರುವರ್ಷ ಆ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟರು.

ಇಡಬ್ಲ್ಯುಡಿ ನಂಬರ್ ಅಷ್ಟು ಹೊತ್ತಿಗೆ 1300 ದಾಟಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯ ಅವನ್ನು ಸ್ಕ್ಯಾನ್ ಮಾಡಿ ಎಲ್ಲರೂ ಓದೋ ಹಾಗೆ ಇಟ್ಟಿದೆ, ದುಡ್ಡು ಕೊಡೋ ಹಾಗಿಲ್ಲ. ಕೈಬರಹ ಮುತ್ತು ಪೋಣಿಸಿದ ಹಾಗಿದೆ, ಚಿತ್ತು ಕಾಟು ಬಹಳ ಕಡಿಮೆ. ಇಂಟರ್ನಲ್ಸ್ ಮುಗಿದ ಮೇಲೆ ಒಂದು ಸಂಜೆ ಬಿಡುವು ಮಾಡ್ಕೊಂಡು ನೋಡಿ. ಎಲ್ಲಿಂದ ಶುರು ಮಾಡೋದು ಅಂದ್ರೆ, ಮೇಲೆ ಹೇಳಿದ 1988ರ ಜಗಳದ ಪ್ರಬಂಧದ ನಂಬರ್ 1036.